ಪ್ಲಾಸ್ಟಿಕ್ ಹಿಡಿಯುವ ಕೆಂಪು ಗಷ್ಟು

ಇಬ್ರಾಹಿಂಪಟ್ನಂನ ಫೆರಿ ಘಾಟಿಗೆ ಇಳಿದು ಒಂದು ಚೊಂಬು ನೀರು ಮೊಗೆಯಿರಿ. ಆ ಚೊಂಬಿನಲ್ಲಿ ಯಾವ ಯಾವ ಊರಿನ ನೀರಿದೆ ಎಂದು ಲೆಕ್ಕ ಹಾಕುತ್ತ ಹೋದರೆ ಮೈ ಜುಮ್ಮೆನ್ನುತ್ತದೆ! ಮಹಾಬಲೇಶ್ವರದಲ್ಲಿ ಹುಟ್ಟಿ, ಸಾಂಗ್ಲಿ ದಾಟಿ, ಆಲಮಟ್ಟಿಯಲ್ಲೊಮ್ಮೆ ನಾರಾಯಣಪುರದಲ್ಲೊಮ್ಮೆ ನಿಂತು, ರಾಯಚೂರಿನ ದೇವಸೂಗೂರನ್ನು ಬಳಸಿ ಬಂದ ಕೃಷ್ಣೆ ಅದರಲ್ಲಿದ್ದಾಳೆ. ಪುಣೆಯ ಮುಳಾ-ಮುಠಾ ನದಿಗಳನ್ನು ಸೇರಿಸಿಕೊಂಡು ಪಂಢರಪುರದ ಮೆಟ್ಟಿಲು ಮುಟ್ಟಿ ಬಂದ ಭೀಮೆ ಇದ್ದಾಳೆ. ಶಿವಮೊಗ್ಗದ ಪಕ್ಕದ ಕೂಡಲಿಯಲ್ಲಿ ಒಂದಾಗಿ, ಹರಿಹರ, ಹಂಪಿ, ಮಂತ್ರಾಲಯ, ಕರ್ನೂಲುಗಳನ್ನು ನೋಡಿಕೊಂಡು ಬಂದ ತುಂಗೆ ಮತ್ತು ಭದ್ರೆ ಇದ್ದಾರೆ. ಸಾಲದು ಎಂಬಂತೆ 2015ರಿಂದ ಗೋದಾವರಿಯೂ ಇದ್ದಾಳೆ! ಪಟ್ಟಿಸೀಮದಲ್ಲಿ ಪಂಪುಗಳು ಎತ್ತಿ ಕೊಟ್ಟ ಗೋದಾವರಿಯ ನೀರು ಪೋಲವರಂ ಬಲದಂಡೆ ಕಾಲುವೆ ಹಿಡಿದು ಬಂದು ಕೃಷ್ಣೆಯನ್ನು ಕೂಡುವುದು ಇದೇ ಊರಿನ ಅಂಚಿನಲ್ಲಿ. ಆ ಜಾಗಕ್ಕೆ ಪವಿತ್ರ ಸಂಗಮಂ ಎಂದು ಹೆಸರಿಟ್ಟಿದ್ದಾರೆ. 2016ರ ಕೃಷ್ಣಾ ಪುಷ್ಕರದಲ್ಲಿ ಜನ ಮಿಂದೆದ್ದ ನೀರು ಅದು.

ಇಲ್ಲಿಂದ ಸ್ವಲ್ಪ ಕೆಳಗೆ, 1957ರಲ್ಲಿ ಕಟ್ಟಿ ಮುಗಿಸಿದ ಪ್ರಕಾಶಂ ಬ್ಯಾರೇಜ್ ಇಷ್ಟೂ ನೀರನ್ನು ತಡೆದು ನಿಲ್ಲಿಸಿಕೊಂಡಿದೆ. ವಿಜಯವಾಡದ ನಲ್ಲಿಗಳಿಗೆ ಹೋಗುವುದು ಇದೇ. ಇಬ್ರಾಹಿಂಪಟ್ನಂನ ನಾರ್ಲ ತಾತಾರಾವು ವಿದ್ಯುತ್ ಸ್ಥಾವರ ನಡೆಯುವುದೂ ಈ ನೀರಿನಿಂದಲೇ. ಮೇಲೆ ನಮ್ಮ ಶಕ್ತಿನಗರದ ರಾಯಚೂರು ಸ್ಥಾವರಕ್ಕೂ ಇದೇ ಕೃಷ್ಣೆ. ಹೀಗಾಗಿ ಬಾಗಲಕೋಟೆಯ ಸಂತೆಯಲ್ಲಿ ಹರಿದು ಬಿದ್ದ ತೆಳ್ಳನೆ ಚೀಲ, ಹೊಸಪೇಟೆಯ ಮನೆಯೊಂದರ ಪಾಲಿಯೆಸ್ಟರ್ ಸೀರೆಯಿಂದ ಒಗೆಯುವಾಗ ಉದುರಿದ ಎಳೆ, ಸೊಲ್ಲಾಪುರದ ರಸ್ತೆಯಲ್ಲಿ ಸವೆದ ಟೈರಿನ ಪುಡಿ, ಎಲ್ಲಕ್ಕೂ ಇಳಿಜಾರು ಒಂದೇ. ಅಣೆಕಟ್ಟುಗಳ ಕೆಸರಿನಲ್ಲಿ ಒಂದಷ್ಟು ತಂಗುತ್ತದೆ. ಮಿಕ್ಕದ್ದು ಹರಿದು ಬರುತ್ತದೆ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಪ್ರಕಾಶಂ ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯೂಸೆಕ್ ನೀರು ಹರಿಯಿತು. ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಬಡಾವಣೆಗಳೇ ಮುಳುಗಿದವು. ಅಂಥ ನೀರು ತನ್ನ ದಾರಿಯಲ್ಲಿ ಸಿಕ್ಕಿದ ಏನನ್ನು ತಾನೇ ಬಿಟ್ಟು ಬಂದೀತು?

5 ಮಿಲಿಮೀಟರಿಗಿಂತ ಚಿಕ್ಕದಾದ ಇಂಥ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ 2004ರಲ್ಲಿ ಬರೆದ ಪುಟ್ಟ ಲೇಖನದಿಂದ ಆ ಮಾತು ಜಗತ್ತಿಗೆಲ್ಲ ಹಬ್ಬಿತು. ಅದೇ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿ ಹೇಳಿದ್ದನ್ನು ಕೇಳಿ: ವಾಷಿಂಗ್ ಮಷೀನಿನಲ್ಲಿ 6 ಕಿಲೋ ಅಕ್ರಿಲಿಕ್ ಬಟ್ಟೆ ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ನೀರಿಗೆ ಬೀಳಬಹುದು. ಒಂದೇ ಒಂದು ಒಗೆತಕ್ಕೆ! ಸೋಸೋಣ ಎಂದರೆ ಯಾವ ಬಟ್ಟೆಯಲ್ಲಿ ಸೋಸುವುದು? ಮರಳಿನ ಫಿಲ್ಟರಿನ ಸಂದುಗಳಲ್ಲೂ ಜಾರಿ ಹೋಗುವಷ್ಟು ಸಣ್ಣವು ಅದರಲ್ಲಿವೆ. ಚೆಕ್ ಗಣರಾಜ್ಯದ ಮೂರು ನೀರು ಶುದ್ಧೀಕರಣ ಘಟಕಗಳಲ್ಲಿ ಸೂಕ್ಷ್ಮದರ್ಶಕ ಇಟ್ಟು ಎಣಿಸಿದಾಗ, 2018ರಲ್ಲಿ ಪ್ರಕಟವಾದ ಆ ಎಣಿಕೆಯ ಪ್ರಕಾರ, ಸಿಕ್ಕಿದ ಕಣಗಳಲ್ಲಿ ನೂರಕ್ಕೆ 95ರವರೆಗೂ 10 ಮೈಕ್ರಾನಿಗಿಂತ ಚಿಕ್ಕವಾಗಿದ್ದವು. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಎಂದರೆ 10 ಮೈಕ್ರಾನ್.

ಇಷ್ಟು ಸಣ್ಣದನ್ನು ಹಿಡಿಯಲು ಏನು ಬೇಕು? ಈ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದನ್ನು ಓದಿದ ಮೇಲೆ ಅದು ನನ್ನ ತಲೆಯಿಂದ ಇಳಿದೇ ಇಲ್ಲ. ತುಕ್ಕು! ಹೌದು, ಕಬ್ಬಿಣದ ತುಕ್ಕು. ಅದನ್ನು ನೀವು ಸಾವಿರ ಸಲ ನೋಡಿದ್ದೀರಿ. ಬೋರ್‌ವೆಲ್ ನೀರನ್ನು ರಾತ್ರಿ ಬಿಂದಿಗೆಯಲ್ಲಿ ಹಿಡಿದಿಟ್ಟರೆ, ಹಿಡಿದಾಗ ತಿಳಿಯಾಗಿಯೇ ಕಾಣುತ್ತಿದ್ದ ನೀರು ಬೆಳಗಾಗುವಷ್ಟರಲ್ಲಿ ತಳದಲ್ಲಿ ಒಂದು ಪದರ ಕೆಂಪು ಗಷ್ಟು ಬಿಟ್ಟಿರುತ್ತದಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತೇವಲ್ಲ, ಅದೇ. ನೆಲದಡಿಯಲ್ಲಿ ಗಾಳಿ ಕಾಣದೆ ಕರಗಿಕೊಂಡಿದ್ದ ಕಬ್ಬಿಣ ಮೇಲೆ ಬಂದು ಗಾಳಿ ಸೋಕಿದ ಕೂಡಲೇ ಕರಗಿರಲಾರದೆ ಫೆರಿಕ್ ಹೈಡ್ರಾಕ್ಸೈಡ್ ಆಗಿ ಗಟ್ಟಿಯಾಗಿ ಇಳಿಯುತ್ತದೆ. ಹಾಗೆ ಇಳಿಯುವಾಗ ಅದು ಒಂಟಿಯಾಗಿ ಇಳಿಯುವುದಿಲ್ಲ. ಸುತ್ತ ತೇಲುತ್ತಿದ್ದ ಮಣ್ಣು, ಬಣ್ಣ, ಬ್ಯಾಕ್ಟೀರಿಯಾ, ಸಿಕ್ಕಿದ್ದನ್ನೆಲ್ಲ ಅಂಟಿಸಿಕೊಂಡು ಇಳಿಯುತ್ತದೆ. ಪ್ಲಾಸ್ಟಿಕ್ಕನ್ನೂ!

ಜಲಮಂಡಳಿಯವರು ಇದನ್ನೇ ಬೇಕೆಂದು ಮಾಡುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಪಟಿಕ, ಅಂದರೆ ಆಲಂ, ಇಲ್ಲವೇ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಹಾಕುತ್ತಾರೆ. ಕೆಲವೆಡೆ ಕಬ್ಬಿಣದ ಲವಣ: ಫೆರಿಕ್ ಕ್ಲೋರೈಡ್, ಫೆರಿಕ್ ಸಲ್ಫೇಟ್, ಇಲ್ಲವೇ ಫೆರಸ್ ಸಲ್ಫೇಟ್. ಈ ಕೊನೆಯದು ನಮಗೆ ಹೊಸದೇನಲ್ಲ. ಗ್ರಂಧಿಗೆ ಅಂಗಡಿಯ ಅನ್ನಭೇದಿ ಅದೇ. ನಮ್ಮ ಹಿರಿಯರು ಶಾಯಿ ಕಾಸಲು ಬಳಸಿದ್ದು, ಎಲೆ ಬೆಳ್ಳಗಾದ ಬೆಳೆಗೆ ರೈತರು ಇವತ್ತಿಗೂ ಕರಗಿಸಿ ಸಿಂಪಡಿಸುವುದು ಇದೇ ಹಸಿರು ಹರಳು. ಇದಕ್ಕಿಂತ ಹಿಂದೆ, ಬೇಸಿಗೆಯಲ್ಲಿ ಕೆಂಪಾದ ಕೆರೆ ನೀರಿಗೆ ಚಿಲ್ಲದ ಬೀಜವನ್ನು ತೇದು ಹಾಕುವ ಪದ್ಧತಿ ಈ ದೇಶದಲ್ಲಿ ಎಷ್ಟು ಹಳೆಯದೆಂದರೆ, ಆ ಬೀಜ ನೀರು ತಿಳಿ ಮಾಡುವ ಮಾತು ಮನುಸ್ಮೃತಿಯಲ್ಲೇ ಬರುತ್ತದೆ.

ಈಗ ಪ್ರಯೋಗಶಾಲೆಯ ಮೇಜಿಗೆ ಬನ್ನಿ. ಇದನ್ನು ಹತ್ತಿರದಿಂದ ನೋಡಲೇಬೇಕು. ಜಾರ್ ಟೆಸ್ಟ್ ಎನ್ನುತ್ತಾರೆ. ಸಾಲಾಗಿ ಆರು ಗಾಜಿನ ಬೀಕರ್, ಒಂದೊಂದರಲ್ಲಿ ಒಂದೊಂದು ಲೀಟರ್ ನದಿ ನೀರು. ಮೇಲಿನಿಂದ ಇಳಿಬಿಟ್ಟ ಆರು ಚಪ್ಪಟೆ ರೆಕ್ಕೆಗಳು ಒಂದೇ ಮೋಟಾರಿಗೆ ಸಿಕ್ಕಿ ಒಟ್ಟಿಗೆ ತಿರುಗುತ್ತವೆ. ಮೊದಲ ಬೀಕರಿಗೆ 10 ಮಿಲಿಗ್ರಾಂ ಫೆರಿಕ್ ಕ್ಲೋರೈಡ್, ಎರಡನೆಯದಕ್ಕೆ 20, ಹೀಗೆ ಆರನೆಯದಕ್ಕೆ 60. ಕಡು ಕಂದು ದ್ರಾವಣ ಬಿದ್ದ ತಕ್ಷಣ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸುತ್ತಿನಂತೆ ಒಂದು ನಿಮಿಷ ರಭಸದ ಕಲಕು. ಆಮೇಲೆ ವೇಗ ತಗ್ಗಿಸಿ ನಿಮಿಷಕ್ಕೆ 30 ಸುತ್ತು. ಆಗ ಶುರುವಾಗುತ್ತದೆ ನೋಡಿ! ಏನೂ ಇಲ್ಲದ ನೀರಿನಲ್ಲಿ ಎಲ್ಲಿಂದಲೋ ಕೆಂಪು ಚುಕ್ಕೆಗಳು ಮೂಡುತ್ತವೆ. ಒಂದು ಚುಕ್ಕೆ ಇನ್ನೊಂದನ್ನು ಹಿಡಿಯುತ್ತದೆ, ಆ ಎರಡು ಮೂರನೆಯದನ್ನು. ಸ್ವಲ್ಪ ಹೊತ್ತಿಗೆ ಅಂಕುಡೊಂಕು ಅಂಚಿನ, ಮೆತ್ತನೆಯ ಕೆಂಪು ಉಂಡೆಗಳು ರೆಕ್ಕೆಯ ಸುತ್ತ ನಿಧಾನಕ್ಕೆ ಸುತ್ತತೊಡಗುತ್ತವೆ. ಫ್ಲಾಕ್ ಕಟ್ಟಿತು ಎನ್ನುತ್ತಾರೆ ಘಟಕದ ಆಪರೇಟರ್‌ಗಳು. ಮೋಟಾರ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟರೆ ಉಂಡೆಗಳೆಲ್ಲ ತಳಕ್ಕೆ. ಮೇಲೆ ಬೀಕರಿನ ಹಿಂದಿಟ್ಟ ಕಾಗದದ ಅಕ್ಷರ ಓದಬಹುದಾದಷ್ಟು ತಿಳಿ.

ಒಳಗೆ ನಡೆದದ್ದೇನು? ಹಾಲಿಗೆ ನಿಂಬೆರಸ ಬಿದ್ದಾಗ ಗಟ್ಟಿ ಬೇರೆ, ತಿಳಿ ಬೇರೆ ಆಗುತ್ತದಲ್ಲ, ಹೆಚ್ಚೂಕಡಿಮೆ ಅದೇ. ನದಿಯಲ್ಲಿ ತೇಲುವ ಮಣ್ಣಿನ ಕಣಗಳಿಗೂ ಪ್ಲಾಸ್ಟಿಕ್ ಕಣಗಳಿಗೂ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಎಲ್ಲವೂ ಋಣವಾದ್ದರಿಂದ ಒಂದನ್ನೊಂದು ದೂಡುತ್ತ ತಿಂಗಳುಗಟ್ಟಲೆ ತೇಲಿಕೊಂಡೇ ಇರುತ್ತವೆ. ಅಲ್ಲಿಗೆ ಮೂರು ಧನ ಅಂಶಗಳನ್ನು ಹೊತ್ತ ಕಬ್ಬಿಣದ ಅಯಾನು ಬಂದಿತೋ, ದೂಡಾಟ ಮುಗಿಯಿತು. ಕಬ್ಬಿಣ ನೀರಿನೊಡನೆ ವರ್ತಿಸಿ ಹೈಡ್ರಾಕ್ಸೈಡ್ ಆಗುತ್ತದೆ. ತಟಸ್ಥ ನೀರಿನಲ್ಲಿ ಅದರ ಮೈ ಇನ್ನೂ ತುಸು ಧನವಾಗಿಯೇ ಇರುವುದರಿಂದ ಋಣದ ಕಣಗಳು ಅದಕ್ಕೆ ಹತ್ತಿಕೊಳ್ಳುತ್ತವೆ. ಪ್ರಮಾಣ ಹೆಚ್ಚಾದರೆ ಇಡೀ ಬೀಕರಿನ ಉದ್ದಗಲಕ್ಕೂ ಹೈಡ್ರಾಕ್ಸೈಡ್ ಎದ್ದು, ಇಳಿಯುವಾಗ ಎದುರಿಗೆ ಬಂದ ಕಣವನ್ನೆಲ್ಲ ಬಾಚಿಕೊಂಡು ಇಳಿಯುತ್ತದೆ. ಈ ಕ್ರಿಯೆಯಲ್ಲಿ ಒಂದಿಷ್ಟು ಆಮ್ಲ ಹುಟ್ಟುತ್ತದೆ. ಕೃಷ್ಣೆಯಂಥ ದಖ್ಖನಿನ ನದಿಗಳ ನೀರು ಬೈಕಾರ್ಬನೇಟ್ ತುಂಬಿಕೊಂಡು ತುಸು ಕ್ಷಾರವಾಗಿಯೇ ಇರುವುದರಿಂದ ಆ ಆಮ್ಲವನ್ನು ತಾಳಿಕೊಳ್ಳುತ್ತದೆ. ಇಲ್ಲದಿದ್ದರೆ ಸುಣ್ಣ ಹಾಕಬೇಕು.

ಈಗ ಈ ಕತೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಭಾಗ. 1860ರ ದಶಕದಲ್ಲಿ ಅಮೆರಿಕದಲ್ಲಿ ಬಿಲಿಯರ್ಡ್ಸ್ ಚೆಂಡಿಗೆ ಆನೆದಂತ ಸಾಲದೆ ಬಂತು. ದಂತಕ್ಕೆ ಬದಲಿ ವಸ್ತು ತಂದವರಿಗೆ 10,000 ಡಾಲರ್ ಎಂದು ಒಂದು ಕಂಪನಿ ಬಹುಮಾನ ಸಾರಿತು. ಜಾನ್ ವೆಸ್ಲಿ ಹಯಾಟ್ ಎಂಬ ಮುದ್ರಣ ಕೆಲಸಗಾರ ಅದರ ಬೆನ್ನು ಹತ್ತಿದ. ಹತ್ತಿಯಿಂದ ಮಾಡಿದ ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ, ಕಾಯಿಸಿ, ಒತ್ತಿದಾಗ ಸಿಕ್ಕಿದ್ದೇ ಸೆಲ್ಯುಲಾಯ್ಡ್! ವ್ಯಾಪಾರದಲ್ಲಿ ಗೆದ್ದ ಮೊದಲ ಪ್ಲಾಸ್ಟಿಕ್. 1870ರ ಜುಲೈ 12ರಂದು ಅದರ ಪೇಟೆಂಟ್ ಇಬ್ಬರ ಹೆಸರಿನಲ್ಲಿ ಸಿಕ್ಕಿತು: ಜಾನ್ ವೆಸ್ಲಿ ಹಯಾಟ್ ಮತ್ತು ಅವನ ಸೋದರ ಐಸಾಯ ಸ್ಮಿತ್ ಹಯಾಟ್. ಬಾಚಣಿಗೆ, ಗುಂಡಿ, ಗೊಂಬೆ, ಮುಂದೆ ಸಿನಿಮಾದ ರೀಲು, ಎಲ್ಲವೂ ಆ ವಸ್ತುವಿನಿಂದ ಬಂದವು.

ಇದು ಬಹಳ ಜನಕ್ಕೆ ಗೊತ್ತು. ಐಸಾಯ ಆಮೇಲೆ ಏನು ಮಾಡಿದ ಎಂಬುದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವನು ನ್ಯೂ ಆರ್ಲಿಯನ್ಸ್‌ನಲ್ಲಿ ಮಿಸಿಸಿಪ್ಪಿ ನದಿಯ ಕೆಸರು ನೀರಿನೊಂದಿಗೆ ಗುದ್ದಾಡುತ್ತಿದ್ದ. ಅದೂ ವಿಜಯವಾಡದ ಹಾಗೆ ಒಂದು ಮಹಾನದಿ ಅರ್ಧ ದೇಶದ ಮಣ್ಣು ಹೊತ್ತು ಕಡಲಿಗೆ ಇಳಿಯುವ ಮುಂಚಿನ ಊರು. ಅಲ್ಲಿನ ಮಣ್ಣು ಎಷ್ಟು ನುಣುಪೆಂದರೆ ಫಿಲ್ಟರಿನಲ್ಲಿ ನಿಲ್ಲುತ್ತಿರಲಿಲ್ಲ. ಆಗ ಆ ಊರಿನ ನೀರು ಕಂಪನಿಯ ಮೇಲ್ವಿಚಾರಕರಾಗಿದ್ದ ಕರ್ನಲ್ ಗಾರ್ಡ್‌ನರ್ ಒಂದು ಸಲಹೆ ಕೊಟ್ಟರು: ಕಬ್ಬಿಣದ ಪರ್‌ಕ್ಲೋರೈಡ್ ಹಾಕಿ ನೋಡು. ಇವತ್ತಿನ ಫೆರಿಕ್ ಕ್ಲೋರೈಡ್! ಹಾಕಿದ. ಕೆಲಸ ಮಾಡಿತು. 1884ರ ಫೆಬ್ರವರಿ 19ರಂದು, ಮೊದಲು ಕಬ್ಬಿಣದ ಲವಣ ಬೆರೆಸಿ ಆಮೇಲೆ ಸೋಸುವ ವಿಧಾನಕ್ಕೆ ಐಸಾಯನಿಗೆ ಪೇಟೆಂಟ್ ಸಿಕ್ಕಿತು. ಮರುವರ್ಷವೇ ನ್ಯೂಜೆರ್ಸಿಯ ಸಾಮರ್ವಿಲ್‌ನಲ್ಲಿ ಊರಿಗೆಲ್ಲ ನೀರು ಕೊಡುವ ಘಟಕ ಈ ದಾರಿ ಹಿಡಿಯಿತು. ಇವತ್ತು ವಿಜಯವಾಡದಲ್ಲಿರಲಿ, ಬೆಂಗಳೂರಿಗೆ ಕಾವೇರಿ ನೀರು ಕಳಿಸುವ ಟಿ.ಕೆ. ಹಳ್ಳಿಯಲ್ಲಿರಲಿ, ನದಿ ನೀರನ್ನು ವೇಗವಾಗಿ ತಿಳಿ ಮಾಡಿ ಸೋಸುವ ಪ್ರತಿಯೊಂದು ಘಟಕವೂ ಆ ವಂಶದ್ದೇ.

ಒಂದೇ ಮನೆ, ಒಂದೇ ತಲೆಮಾರು. ಪ್ಲಾಸ್ಟಿಕ್ಕನ್ನು ಜಗತ್ತಿಗೆ ಬಿಟ್ಟ ಕೈಯೇ ಅದನ್ನು ನೀರಿನಿಂದ ತೆಗೆಯಬಲ್ಲ ಕಬ್ಬಿಣವನ್ನೂ ಕೊಟ್ಟು ಹೋಗಿತ್ತು. ಆ ಎರಡೂ ಮುಂದೊಂದು ದಿನ ಒಂದೇ ಬೀಕರಿನಲ್ಲಿ ಎದುರಾಗುತ್ತವೆ ಎಂದು ಆ ಸೋದರರಿಗೆ ಹೊಳೆಯುವ ದಾರಿಯೇ ಇರಲಿಲ್ಲ. 130 ವರ್ಷ ಆ ಎರಡು ಪೇಟೆಂಟುಗಳು ಬೇರೆ ಬೇರೆ ಕಪಾಟಿನಲ್ಲಿದ್ದವು!

ಹಾಗಾದರೆ ಕಬ್ಬಿಣ ಹಾಕಿದರೆ ಆಯಿತೇ? ಇಲ್ಲೇ ಕತೆ ರೋಚಕವಾಗುತ್ತದೆ. 2019ರಲ್ಲಿ ಚೀನಾದ ಸಂಶೋಧಕರು ಪಾಲಿಎಥಿಲೀನ್ ಪುಡಿಯನ್ನು ನೀರಿಗೆ ಬೆರೆಸಿ ಕಬ್ಬಿಣದ ಲವಣ ಹಾಕಿ ನೋಡಿದರು. ಪಾಲಿಎಥಿಲೀನ್ ಎಂದರೆ ನಮ್ಮ ಕ್ಯಾರಿಬ್ಯಾಗಿನ, ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್. ಇಳಿದದ್ದು ನೂರಕ್ಕೆ 15ಕ್ಕಿಂತ ಕಡಿಮೆ! ಪ್ರಮಾಣ ಏರಿಸಿದರೂ ಅಷ್ಟೇ. ಆದರೆ ಮರುವರ್ಷ ಫಿನ್ಲೆಂಡಿನವರು ಚರಂಡಿ ನೀರಿನ ಘಟಕದಿಂದ ಹೊರಬಿದ್ದ ನೀರಿನಲ್ಲಿ 1 ಮತ್ತು 6.3 ಮೈಕ್ರಾನಿನ ಪಾಲಿಸ್ಟೈರೀನ್ ಗೋಲಿಗಳನ್ನು ಬಿಟ್ಟು ಫೆರಿಕ್ ಕ್ಲೋರೈಡನ್ನೂ ಪಾಲಿ ಅಲ್ಯೂಮಿನಿಯಂ ಕ್ಲೋರೈಡನ್ನೂ ಪರೀಕ್ಷಿಸಿದಾಗ ಅತಿ ಹೆಚ್ಚೆಂದರೆ ನೂರಕ್ಕೆ 99.4ರಷ್ಟು ಇಳಿಯಿತು. ನಮ್ಮ ಕೆಂಪು ರಕ್ತಕಣದ ಅಗಲ 7 ಮೈಕ್ರಾನಿನ ಆಸುಪಾಸು. ಅದಕ್ಕಿಂತಲೂ ಸಣ್ಣ ಪ್ಲಾಸ್ಟಿಕ್ ಗೋಲಿಯನ್ನು ಬರೀ ತುಕ್ಕು ಹಿಡಿದು ಕೆಳಕ್ಕೆ ಎಳೆಯಿತು!

ಅದೇ ಕಬ್ಬಿಣ, ಒಂದು ಕಡೆ 15, ಇನ್ನೊಂದು ಕಡೆ 99. ಯಾಕೆ? ಪಾಲಿಎಥಿಲೀನ್ ನೀರಿಗಿಂತ ಹಗುರ, ಅಂಟಿಸಿಕೊಂಡ ಉಂಡೆಯನ್ನೇ ಮೇಲಕ್ಕೆ ಎಳೆಯುತ್ತದೆ. ಪಾಲಿಸ್ಟೈರೀನ್ ನೀರಿಗಿಂತ ಒಂದು ಎಳೆ ಭಾರ, ಇಳಿಯುವುದಕ್ಕೆ ನೆಪ ಸಿಕ್ಕರೆ ಸಾಕು. ಇನ್ನೊಂದು ಕಾರಣ ಗಾತ್ರ. ನಮಗೆ ಅನ್ನಿಸುವುದು ದೊಡ್ಡ ಚೂರು ಸುಲಭವಾಗಿ ಸಿಗುತ್ತದೆ, ಸಣ್ಣದು ತಪ್ಪಿಸಿಕೊಳ್ಳುತ್ತದೆ ಎಂದು. ಇಲ್ಲಿ ಅದು ತಲೆಕೆಳಗು! ಚೀನಾದವರ ಬೀಕರುಗಳಲ್ಲೂ ಹೆಚ್ಚು ಇಳಿದದ್ದು ಸಣ್ಣ ಕಣಗಳೇ. ದೊಡ್ಡ ಚೂರಿಗೆ ಮರಳಿನ ಫಿಲ್ಟರ್ ಇದ್ದೇ ಇದೆ. ಫಿಲ್ಟರಿಗೆ ಸಿಗದ ಸಣ್ಣದಕ್ಕೆ ಕಬ್ಬಿಣ ಇದೆ. ಒಬ್ಬರ ಕೈ ಮುಗಿಯುವಲ್ಲಿ ಇನ್ನೊಬ್ಬರ ಕೈ ಶುರುವಾಗುವ ಈ ಹೊಂದಾಣಿಕೆ ಯಾರೂ ಯೋಜಿಸಿ ಮಾಡಿದ್ದಲ್ಲ ಎಂಬುದು ನನಗಂತೂ ಇವತ್ತಿಗೂ ನಂಬಲಾಗದ ಸಂಗತಿ.

ಪಾಲಿಎಥಿಲೀನಿಗೂ ದಾರಿ ಸಿಕ್ಕಿತು. ಅದೇ ಚೀನಾದ ತಂಡ ಕಬ್ಬಿಣದ ಜೊತೆಗೆ ಪಾಲಿಅಕ್ರಿಲಮೈಡ್ ಎಂಬ ಉದ್ದ ಸರಪಳಿಯ ಅಣುವನ್ನು ಹಾಕಿದಾಗ ಚಿತ್ರವೇ ಬದಲಾಯಿತು. ಅದರಲ್ಲೂ ಋಣ ಅಂಶದ ಪಾಲಿಅಕ್ರಿಲಮೈಡ್. ಕಬ್ಬಿಣದ ಉಂಡೆ ಧನ, ಸರಪಳಿ ಋಣ. ಒಂದು ಸರಪಳಿ ಹತ್ತಾರು ಉಂಡೆಗಳನ್ನು ಕಟ್ಟಿ ಬಿಗಿ ಮಾಡಿತು, ಹಗುರದ ಪ್ಲಾಸ್ಟಿಕ್ ಅದರ ನಡುವೆ ಸಿಕ್ಕಿಬಿತ್ತು, ಇಳಿಯುವ ಪ್ರಮಾಣ ಬಹಳ ಏರಿತು. ಆದರೆ ಅತಿಯಾದರೆ ಈ ಸರಪಳಿಯೇ ಮುಂದಿನ ಪೊರೆ-ಫಿಲ್ಟರನ್ನು ಕಟ್ಟಿಹಾಕಬಲ್ಲದು. ಅಳತೆ ತಪ್ಪಬಾರದು.

ಇನ್ನೂ ಒಂದು ಸಂಗತಿ ಇದೆ. ನಮ್ಮಂಥ ಬಿಸಿಲ ನಾಡಿನವರು ಇದನ್ನು ಗಮನವಿಟ್ಟು ಕೇಳಬೇಕು. ಪ್ರಯೋಗಶಾಲೆಯವರು ಬಳಸುವುದು ಡಬ್ಬಿ ಒಡೆದು ತೆಗೆದ ಹೊಸ ಪ್ಲಾಸ್ಟಿಕ್. ನದಿಯ ಪ್ಲಾಸ್ಟಿಕ್ ಹೊಸದಲ್ಲ. ಅದು ವರ್ಷಗಟ್ಟಲೆ ಬಿಸಿಲಿಗೆ ಬಿರಿದಿದೆ, ಮೈಮೇಲೆ ಆಮ್ಲಜನಕದ ಗುಂಪುಗಳು ಎದ್ದಿವೆ, ಪಾಚಿ ಬ್ಯಾಕ್ಟೀರಿಯಾಗಳ ಲೋಳೆ ಹತ್ತಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2020ರಲ್ಲಿ ಆಲಂ ಬಳಸಿ ಹೋಲಿಸಿದಾಗ, ಹೊಸ ಪಾಲಿಎಥಿಲೀನಿಗಿಂತ ಬಿಸಿಲು ತಿಂದ ಹಳೆಯ ಪಾಲಿಎಥಿಲೀನೇ ಹೆಚ್ಚು ಸುಲಭವಾಗಿ ಇಳಿಯಿತು. ಒರಟಾದ ಮೈಗೆ ಹೈಡ್ರಾಕ್ಸೈಡ್ ಚೆನ್ನಾಗಿ ಹತ್ತುತ್ತದೆ. ರಾಯಚೂರು, ಕರ್ನೂಲುಗಳ ಬಿಸಿಲು ಉಂಡು ಇಬ್ರಾಹಿಂಪಟ್ನಂ ತಲುಪುವ ಚೀಲದ ಚೂರು, ಬೀಜಿಂಗಿನ ಬೀಕರಿನ ಹೊಳೆಯುವ ಪುಡಿಗಿಂತ ಕಬ್ಬಿಣಕ್ಕೆ ಸುಲಭವಾಗಿ ದಕ್ಕಬೇಕು ಎಂದು ನಾನು ನಂಬುತ್ತೇನೆ.

ಕಬ್ಬಿಣದ ಪರವಾಗಿ ಹೇಳಲು ಬೇಕಾದಷ್ಟಿದೆ. ಅದರ ಉಂಡೆ ಆಲಂನ ಉಂಡೆಗಿಂತ ಭಾರ, ಬೇಗ ಇಳಿಯುತ್ತದೆ. ಪಿಎಚ್ ಹೆಚ್ಚುಕಡಿಮೆಯಾದರೂ ಆಲಂನಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. ಚರಂಡಿ ನೀರಿನಲ್ಲಿ ಅದು ರಂಜಕವನ್ನೂ ಹಿಡಿಯುತ್ತದೆ, ಆ ಕಾರಣಕ್ಕೇ ಯುರೋಪಿನ ಎಷ್ಟೋ ಘಟಕಗಳು ಈಗಾಗಲೇ ಅದನ್ನು ಬಳಸುತ್ತಿವೆ. ಕೆರೆಗಳಿಗೆ ಕಳೆ, ಪಾಚಿ ಹಬ್ಬಿಸುವ ರಂಜಕವೂ ನದಿಗೆ ಹೋಗುವ ಪ್ಲಾಸ್ಟಿಕ್ಕೂ ಒಂದೇ ತೊಟ್ಟಿಯಲ್ಲಿ ಇಳಿಯುತ್ತವೆ! ದೋಷಗಳೂ ಇವೆ. ಫೆರಿಕ್ ಕ್ಲೋರೈಡ್ ಪೈಪನ್ನು ತಿನ್ನುತ್ತದೆ, ಕೈಗೆ ತಾಗಿದರೆ ಸುಡುತ್ತದೆ. ನೀರಿನಲ್ಲಿ ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ದಾಟಿ ಉಳಿದರೆ ಒಗೆದ ಬಟ್ಟೆಗೆ ಕಲೆ. ಕೆಲವು ಪರೀಕ್ಷೆಗಳಲ್ಲಿ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಕಬ್ಬಿಣವನ್ನು ಹಿಂದಿಕ್ಕಿದ್ದೂ ಇದೆ. ಅನ್ನಭೇದಿ ತಂದು ಮನೆಯ ಕುಡಿಯುವ ನೀರಿಗೆ ಹಾಕುವ ಸಾಹಸವನ್ನಂತೂ ದಯವಿಟ್ಟು ಯಾರೂ ಮಾಡಬೇಡಿ. ಅಳತೆ, ಪಿಎಚ್, ಸೋಸುವಿಕೆ ಮೂರೂ ಇಲ್ಲದೆ ಅದು ಔಷಧವಲ್ಲ.

ಈ ಹುಡುಕಾಟದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಮಣಿಪಾಲದ ಸಂಶೋಧಕರು ನೇತ್ರಾವತಿಯನ್ನು ಮೂಲದಿಂದ ಕಡಲಿನವರೆಗೆ ಹಿಡಿದು ನೀರು, ಕೆಸರು, ದಂಡೆಯ ಮಣ್ಣು ಮೂರರಲ್ಲೂ ಮೈಕ್ರೋಪ್ಲಾಸ್ಟಿಕ್ ಇರುವುದನ್ನು 2020ರಲ್ಲಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್‌ಥೊಂಬಾ ಅವರ ತಂಡ ಕೆಆರ್‌ಎಸ್ ಬಳಿಯ ಕಾವೇರಿ ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಕಂಡು, ಆ ನೀರಿನಲ್ಲಿ ಬೆಳೆದ ಮೀನಿನ ಮರಿಗಳಲ್ಲಿ ಮೂಳೆಯ ವಿಕಾರಗಳನ್ನೂ ದಾಖಲಿಸಿ 2022ರಲ್ಲಿ ಪ್ರಕಟಿಸಿತು. ಅದೇ ಸಂಸ್ಥೆಯ ಸೂರ್ಯಸಾರಥಿ ಬೋಸ್ ಅವರ ತಂಡ 2024ರಲ್ಲಿ ಒಂದು ಹೈಡ್ರೋಜೆಲ್ ತಂದಿತು. ಅದು ಎರಡು ಬಗೆಯ ಮೈಕ್ರೋಪ್ಲಾಸ್ಟಿಕ್‌ಗಳನ್ನು ನೂರಕ್ಕೆ 95 ಮತ್ತು 93ರಷ್ಟು ಹೀರಿದ್ದಲ್ಲದೆ, ಅತಿನೇರಳೆ ಬೆಳಕು ಬಿಟ್ಟಾಗ ಅವನ್ನು ಕರಗಿಸತೊಡಗಿತು.

ಮತ್ತೆ ಕಬ್ಬಿಣಕ್ಕೇ ಬರೋಣ, ಏಕೆಂದರೆ ಅದಕ್ಕೆ ಇನ್ನೊಂದು ರೂಪವಿದೆ. ಐರ್ಲೆಂಡಿನ ಫಿಯಾನ್ ಫೆರೇರಾ ಎಂಬ ಹುಡುಗ ಅಡುಗೆ ಎಣ್ಣೆಯಂಥ ಎಣ್ಣೆಗೆ ಮ್ಯಾಗ್ನೆಟೈಟ್ ಪುಡಿ ಕಲಸಿ ನೀರಿಗೆ ಬಿಟ್ಟ. ಪ್ಲಾಸ್ಟಿಕ್ ಎಣ್ಣೆಗೆ ಹತ್ತಿತು, ಎಣ್ಣೆ ಮ್ಯಾಗ್ನೆಟೈಟಿಗೆ ಹತ್ತಿತ್ತು, ಅಯಸ್ಕಾಂತ ಅದ್ದಿದಾಗ ಮೂರೂ ಒಟ್ಟಿಗೆ ಮೇಲೆ ಬಂದವು! 2019ರ ಗೂಗಲ್ ಸೈನ್ಸ್ ಫೇರ್ ಗೆದ್ದದ್ದು ಈ ಪ್ರಯೋಗ. ಮ್ಯಾಗ್ನೆಟೈಟ್ ಎಂದರೆ ಕಬ್ಬಿಣದ ಕಪ್ಪು ಅದಿರು. ನಮ್ಮ ಕುದುರೆಮುಖದ ಬೆಟ್ಟದಲ್ಲಿರುವ ಅದಿರು ಅದೇ. 2005ರ ಕೊನೆಗೆ ಗಣಿ ನಿಲ್ಲುವ ತನಕ ಅಲ್ಲಿಂದ ಮಂಗಳೂರಿಗೆ ಕೊಳವೆಯಲ್ಲಿ ಹರಿದದ್ದು ಅದೇ. ಆ ಬೆಟ್ಟಸಾಲಿನ ಗಂಗಾಮೂಲದಲ್ಲೇ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಇಬ್ರಾಹಿಂಪಟ್ನಂ ತಲುಪುವ ನೀರಿನ ಒಂದು ಪಾಲು, ಪ್ಲಾಸ್ಟಿಕ್ಕನ್ನು ಹಿಡಿಯಬಲ್ಲ ಕಬ್ಬಿಣದ ಬೆಟ್ಟದಿಂದಲೇ ಹೊರಡುತ್ತದೆ. ಗಣಿಗಾರಿಕೆ ಮತ್ತೆ ಬೇಡ, ಅದು ಭದ್ರೆಗೆ ಸುರಿಸಿದ ಹೂಳು ಸಾಕು. ಆದರೆ ಈ ನೆರೆಹೊರೆಯನ್ನು ನೆನೆದಾಗಲೆಲ್ಲ ಮನಸ್ಸು ಅರಳುತ್ತದೆ.

ಒಂದು ಪ್ರಶ್ನೆಯನ್ನು ಮಾತ್ರ ಯಾರೂ ದಾಟುವಂತಿಲ್ಲ. ತಳಕ್ಕಿಳಿದ ಕೆಂಪು ಗಷ್ಟನ್ನು ಏನು ಮಾಡುವುದು? ಕಬ್ಬಿಣ ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ, ಒಂದೆಡೆ ಗುಡ್ಡೆ ಹಾಕಿ ಕೊಡುತ್ತದೆ, ಅಷ್ಟೇ. ಆ ಗಷ್ಟನ್ನು ಹಳ್ಳಕ್ಕೆ ಬಿಟ್ಟರೆ ಮುಂದಿನ ಮಳೆಗೆ ಅದು ಮತ್ತೆ ನದಿಯಲ್ಲಿ. ಗೊಬ್ಬರವೆಂದು ಹೊಲಕ್ಕೆ ಹಾಕಿದರೆ ಹೊಲದ ಮಣ್ಣಿನಲ್ಲಿ. ಇಷ್ಟು ಸೊಗಸಾಗಿ ಹಿಡಿದದ್ದನ್ನು ಮತ್ತೆ ಬಿಟ್ಟುಬಿಡುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಉತ್ತರ ದೂರದಲ್ಲೂ ಇಲ್ಲ. ಸಿಮೆಂಟ್ ಭಟ್ಟಿಯಲ್ಲಿ ಉಷ್ಣತೆ 1,450 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಪ್ಲಾಸ್ಟಿಕ್ ಅಲ್ಲಿ ಉಳಿಯುವ ಮಾತೇ ಇಲ್ಲ, ಕಬ್ಬಿಣವಂತೂ ಸಿಮೆಂಟಿಗೆ ಬೇಕಾದ ಕಚ್ಚಾವಸ್ತು. ಇಬ್ರಾಹಿಂಪಟ್ನಂ ಇರುವ ಎನ್‌ಟಿಆರ್ ಜಿಲ್ಲೆಯಲ್ಲೇ ಜಗ್ಗಯ್ಯಪೇಟೆಯ ಸಿಮೆಂಟ್ ಕಾರ್ಖಾನೆಗಳಿವೆ. ಕೃಷ್ಣಾ ಕೊಳ್ಳದ ಮೇಲ್ಭಾಗದಲ್ಲಿ ನಮ್ಮ ವಾಡಿ, ಸೇಡಂಗಳಿವೆ. ಒಣಗಿಸಿದ ಗಷ್ಟನ್ನು ಅಲ್ಲಿಗೆ ಸಾಗಿಸುವ ಏರ್ಪಾಡು ಆದರೆ, ನದಿಯಿಂದ ತೆಗೆದ ಪ್ಲಾಸ್ಟಿಕ್ ನದಿಗೆ ಮರಳದು.

ನನ್ನ ಬೇಡಿಕೆ ನದಿ ದಂಡೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ. ಸಿವಿಲ್ ವಿಭಾಗದ ಪರಿಸರ ಪ್ರಯೋಗಶಾಲೆಗಳಲ್ಲಿ ಜಾರ್ ಟೆಸ್ಟ್ ಯಂತ್ರ ಇದ್ದೇ ಇರುತ್ತದೆ, ಆರು ಬೀಕರ್ ಇರುತ್ತವೆ, ಫೆರಿಕ್ ಕ್ಲೋರೈಡ್ ದುಬಾರಿಯಲ್ಲ. ಬಾಗಲಕೋಟೆಯವರು ಆಲಮಟ್ಟಿಯ ಹಿನ್ನೀರು ತನ್ನಿ, ರಾಯಚೂರಿನವರು ದೇವಸೂಗೂರಿನ ನೀರು, ಹೊಸಪೇಟೆ-ಬಳ್ಳಾರಿಯವರು ತುಂಗಭದ್ರೆಯದು, ವಿಜಯವಾಡದ ಗೆಳೆಯರು ಪವಿತ್ರ ಸಂಗಮದ್ದು. ಚೀನಾ, ಫಿನ್ಲೆಂಡಿನ ಹೊಸ ಪುಡಿಯಲ್ಲ, ಆ ನೀರಿನಲ್ಲೇ ಬಿಸಿಲುಂಡು ಬಂದ ಪ್ಲಾಸ್ಟಿಕ್ಕನ್ನೇ ಎಣಿಸಿ. ಒಂದು ಮುಂಗಾರು, ಒಂದು ಬೇಸಿಗೆ ಎರಡರಲ್ಲೂ ಮಾಡಿ. ಕಬ್ಬಿಣ ಎಷ್ಟು ಹಿಡಿಯಿತು, ಪಟಿಕ ಎಷ್ಟು ಹಿಡಿಯಿತು, ಗಷ್ಟಿನಲ್ಲಿ ಏನೇನಿತ್ತು ಎಂಬ ಲೆಕ್ಕವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ನಿಮ್ಮ ನಿಮ್ಮ ನಗರಸಭೆಯ ನೀರು ಸರಬರಾಜು ಎಂಜಿನಿಯರರ ಮೇಜಿನ ಮೇಲಿಡಿ. ಬರುವ ಮಳೆಗಾಲದ ಮೊದಲ ಕೆಂಪು ನೀರಿನಿಂದಲೇ ಶುರುಮಾಡಬಹುದು.